ಟಿಕೋಟಾಕ್ಕ ಬಂದ ಹಳೇ ತಿಜೋರಿ

"ಬಂಗಾರ ಇನ್ನ ಮಣ್ಣಾಗ ಬ್ಯಾಡ್ರಿ. ಒಂದು ತಿಜೋರಿ ತರ್ರಿ. ಹೊಸಾದು ಬ್ಯಾಡ, ತುಟ್ಟಿ ಆಗತೈತಿ."

ನನ್ನ ಹೇಣ್ತಿ ಆಡಿದ ಕಡೀ ಮಾತು ಇದು. ಆಮ್ಯಾಲೆ ಎರಡು ದಿನ ಇದ್ದಳು. ಮಾತಾಡಲಿಲ್ಲ.

ಬಂಗಾರ ಅಂದರ ಭಾಳೇನಲ್ಲ. ಒಂದು ಬೋರಮಾಳ ಸರ, ಕೈಯಾಗಿನ ನಾಕು ಪಾಟ್ಲಿ, ಕಿವಿಯಾಗಿನ ಒಂದು ಜೋಡು. ಆಕಿ ತವರಿನಿಂದ ಬಂದದ್ದು. ಮಗಳ ಲಗ್ನಕ್ಕ ಅಂತ ಗಡಿಗ್ಯಾಗ ಹಾಕಿ ಒಲಿ ಹಿಂದ ಹುಗದಿದ್ದಳು. ಮಗಳನ್ನ ಬಬಲೇಶ್ವರದ ಒಂದು ಮನಿಗೆ ಕೊಡೂದು ಗೊತ್ತಾಗಿತ್ತು. ಆ ವರ್ಷ ನಮ್ಮ ಓಣ್ಯಾಗ ಮೂರು ಮನಿಗೆ ಕನ್ನ ಬಿತ್ತು. ಕಳ್ಳರು ಗ್ವಾಡಿ ಕೊರದು ಒಳಗ ಬಂದು ಸೀದಾ ಒಲಿ ಹಿಂದ ಅಗದಿದ್ದರು. ಎಲ್ಲಾ ಹೆಣ್ಣುಮಕ್ಕಳೂ ಅಲ್ಲೇ ಹುಗೀತಾರ. ಕಳ್ಳರಿಗೂ ಮನ್ಯಾಗ ಹೆಣ್ಣುಮಕ್ಕಳು ಇರತಾರಲ್ಲ.

ಆ ಬಂಗಾರ ಮಗಳ ಕೊಳ್ಳಿಗೆ ಮುಟ್ಟಬೇಕು. ನನ್ನ ಪಾಲಿಗೆ ಉಳದ ಕೆಲಸ ಅದೊಂದ.

ನಾ ಬಂಡಿ ಹೊಡಿಯಾಂವ. ಟಿಕೋಟಾದಿಂದ ವಿಜಾಪುರಕ್ಕ ಹತ್ತಿ, ಶೇಂಗಾ ಒಯ್ಯೂದು. ಸಾಲಿ ಎರಡನೇತ್ತೆ. ಇಂಥಾಂವ ತಿಜೋರಿ ತರಾಕ ಹೋದರ ಒಂದಿಲ್ಲ ಒಂದು ಆಗಕೋತನ ಹೋಗತೈತಿ. ಆದದ್ದು ಆದಂಗ ಬರದೇನಿ.

೧. ಹಲ್ಲು ನೋಡಿದ್ದು

ವಿಜಾಪುರದ ಟೇಸನ್ ಹಾದ್ಯಾಗ ಒಂದು ಹಳೇ ಸಾಮಾನಿನ ಅಂಗಡಿ ಇತ್ತು. ಅಲ್ಲಿ ಒಂದು ತಿಜೋರಿ ಕುಂತಿತ್ತು. ನನಗ ಚೌಕಾಶಿ ಬರಂಗಿಲ್ಲ. ಅದಕ್ಕ ಜೈನಾಪುರದ ದನದ ದಲ್ಲಾಳಿನ್ನ ಕರಕೊಂಡು ಹೋದೆ. ನನ್ನ ಎರಡೂ ಎತ್ತು ಕೊಡಿಸಿದಾಂವ ಆತನ. ಎರಡೂ ಚಲೋ ದುಡೀತಾವ.

ದಲ್ಲಾಳಿ ತಿಜೋರಿಗೆ ಎರಡು ಸುತ್ತು ಹಾಕಿದ. ಪಕ್ಕಡಿಗೆ ಅಂಗೈಲೆ ಬಡದ. ಬಗ್ಗಿ ನಾಕೂ ಕಾಲು ಮುಟ್ಟಿದ.

"ಬಾಯಿ ತಗಸ್ರಿ," ಅಂದ.

ಅಂಗಡಿಯಾಂವ ಕದಾ ತಗದ. ಕೀಲಿ ತಿರುವಿದರ ಕದದ ಅಂಚಿನಿಂದ ಅಗಳಿ ಹೊರಗ ಬರತಿದ್ದವು. ದಲ್ಲಾಳಿ ಅವನ್ನ ಕೈಬಟ್ಟು ಹಚ್ಚಿ ಎಣಿಸಿದ.

"ಆರು ಹಲ್ಲು. ಇನ್ನೂ ಬಾಯಿ ಕೂಡಿಲ್ಲ. ಹರೇದ್ದು ಐತಿ, ಮಾವ." ಎತ್ತಿನ ವಯಸ್ಸು ಹಲ್ಲು ಎಣಿಸಿ ಹೇಳತಾರ, ಎಂಟಾದರ ಬಾಯಿ ಕೂಡಿತು ಅಂತ.

ಅಂಗಡಿಯಾಂವ ಅಂದ, "ಇದು ಮುಂಬೈದ್ರಿ. ಒಬ್ಬ ಹತ್ತಿ ಸಾವುಕಾರ್ದು. ಕಳ್ಳರು ಬೆಳಗಾಗೂತನಾ ಬಡದರೂ ತಗಿಯಾಕ ಆಗಲಿಲ್ಲ. ಇಕಾ, ಕದದ ಮ್ಯಾಲಿನ ತಗ್ಗು ನೋಡ್ರಿ."

"ಒಳಗ ಏನಿತ್ತು?" ನಾ ಕೇಳಿದೆ.

"ಏನಿತ್ತ್ರೀ. ಸಾವುಕಾರ ಆಗಲೇ ದಿವಾಳಿ ಎದ್ದಿದ್ದ. ಪಾಪ, ಕಳ್ಳರಿಗೆ ಯಾರೂ ಹೇಳಿದ್ದಿಲ್ಲ."

ದಲ್ಲಾಳಿ ಹೆಗಲಿನ ವಸ್ತ್ರ ತಗದು ಅಂಗಡಿಯಾನ ಕೈಮ್ಯಾಲೆ ಹಾಕಿದ. ವಸ್ತ್ರದ ಕೆಳಗ ಆತನ ಬಟ್ಟು ಹಿಡದು ಹಿಚಕಿದ. ದನದ ಸಂತ್ಯಾಗ ದರಾ ಮಾಡೂದು ಹಂಗ. ಬಾಯಿಲೆ ಹೇಳಂಗಿಲ್ಲ, ಬಟ್ಟು ಹಿಚಕಿ ಹೇಳತಾರ. ಅಂಗಡಿಯಾಂವಗ ಅದು ಗೊತ್ತಿಲ್ಲ. ವಸ್ತ್ರದ ಕೆಳಗಿಂದ ಕೈ ತಗದು ಬಟ್ಟು ನೋಡಿಕೊಂಡ. ಆಮ್ಯಾಲೆ ನನ್ನ ಕಡೆ ನೋಡಿ, "ಇವರು ವೈದ್ಯರೇನ್ರಿ?" ಅಂತ ಕೇಳಿದ.

ಕಡೀಕ ಬಾಯಿಲೇನ ದರಾ ಆತು. ನನ್ನ ಕೈಲೆ ಆಗೂವಷ್ಟಕ್ಕ ಬಂತು. ಹೊಂಡೂ ಮುಂದ ದಲ್ಲಾಳಿ ನನ್ನ ಬಾಜೂಕ ಕರದ.

"ಎಲ್ಲಾ ಚಲೋ ಐತಿ, ಮಾವ. ಒಂದ ಖೋಡಿ."

"ಏನು?"

"ನಡಿಯಂಗಿಲ್ಲ."

೨. ನಾಕಾದಾಗ

ಎಂಟು ಮಂದಿ ಹಮಾಲರು ಎತ್ತಿ ಬಂಡ್ಯಾಗ ಇಟ್ಟರು. ಬಂಡಿ ಕಿರ್ರಂತ ನರಳಿತು. ಎತ್ತು ತಿರುಗಿ ನನ್ನ ನೋಡಿದವು.

ಲಡಾಯಿ ಕಾಲ. ಪರವಾನಗಿ ಇಲ್ಲದ ಜೋಳ ಸಾಗಿಸಬಾರದು. ಊರ ಹೊರಗ ಬಂಡಿ ತಪಾಸ ಮಾಡೂ ನಾಕಾ ಇತ್ತು. ಅಲ್ಲಿ ಒಬ್ಬ ಪೊಲೀಸಪ್ಪ ಇದ್ದ. ಬಂಡಿ ತರುಬಿದ.

"ಏನೋ ಇದು?"

"ತಿಜೋರಿ ಸಾಹೇಬ್ರ."

"ಒಳಗ ಜೋಳ ತುಂಬೀ ಏನ? ತಗಿ."

ಕೀಲಿಕೈ ಕೊಟ್ಟಿದ್ದರು. ತಗಿಯೂ ಪದ್ಧತಿನೂ ಹೇಳಿದ್ದರು. ಹಿಡಿಕಿ ಮ್ಯಾಲೆ ಎತ್ತಬೇಕು, ಕೀಲಿ ಎಡಕ್ಕ ಅರ್ಧ, ಬಲಕ್ಕ ಒಂದು, ಮತ್ತ ಎಡಕ್ಕ. ಬಂಡಿ ಕುಲುಕ್ಯಾಟದಾಗ ನನಗ ಎಲ್ಲಾ ಮರತು ಹೋಗಿತ್ತು. ಎರಡು ಸಲ ನೋಡಿದೆ. ಬರಲಿಲ್ಲ.

"ಸರಿ ಆ ಕಡೆ," ಅಂತ ಪೊಲೀಸಪ್ಪ ತಾನ ಬಂಡಿ ಹತ್ತಿದ. ಮೊದಲ ಟೊಪಿಗಿ ತಗದ. ಆಮ್ಯಾಲೆ ಕೋಟು ತಗದ. ಎಡಕ್ಕ ತಿರುವಿದ, ಬಲಕ್ಕ ತಿರುವಿದ. ಕಿವಿ ಹಚ್ಚಿ ಕೇಳಿದ. ಬಿಸಲು ನೆತ್ತಿಗೆ ಬಂತು. ನಾ ಗಿಡದ ನೆರಳಿಗೆ ಕುಂತೆ. ಎದುರಿನಿಂದ ಹೊನವಾಡದ ಬಂಡಿ ಚೀಲ ಹೇರಿಕೊಂಡು ಒಂದರ ಹಿಂದ ಒಂದು ವಿಜಾಪುರದ ಕಡೆ ಹೋದವು. ಪೊಲೀಸಪ್ಪ ತಲಿ ಎತ್ತಲಿಲ್ಲ.

ಮಧ್ಯಾಹ್ನ ಸರದ ಮ್ಯಾಲೆ ಕದಾ ತಗೀತು. ಒಳಗ ಏನಿಲ್ಲ. ಆತ ನಕ್ಕ. ಗೆದ್ದಾಂವ ನಗತಾನಲ್ಲ, ಹಂಗ. "ಹೋಗು," ಅಂದ.

ಎಂಟು ದಿನದ ಮ್ಯಾಲೆ ಹೊನವಾಡದ ಬಂಡಿಯಾಂವ ಒಬ್ಬ ಹಾದ್ಯಾಗ ಸಿಕ್ಕ. ತಾನಾಗೇ ಬಂದು ಎಲಿ ಅಡಿಕಿ ಕೊಟ್ಟ. ದನಿ ಸಣ್ಣ ಮಾಡಿ ಕೇಳಿದ, "ಕಾಕಾ, ಇನ್ನೊಂದು ತಿಜೋರಿ ಯಾವಾಗ ತರತೀರಿ?"

೩. ಗ್ವಾಡ್ಯಾಗ

ನಮ್ಮ ಮನಿ ಬಾಗಲಾ ಸಣ್ಣದು. ಮನಶ್ಯಾನ ಬಗ್ಗಿ ಬರಬೇಕು. ತಿಜೋರಿ ಬಗ್ಗಂಗಿಲ್ಲ.

ಗೌಂಡಿ ಬಂದು ನೋಡಿದ. ಹಿಂದಿನ ಓಣಿ ಕಡೆ ಗ್ವಾಡಿ ಕೆಡವಿ, ತಿಜೋರಿ ಅಲ್ಲೇ ಕುಂದರಿಸಿ, ಸುತ್ತ ಗ್ವಾಡಿ ಕಟ್ಟೂದು ಅಂದ. ಮನಿ ಒಳಗ ಬರೇ ಕದಾ ಕಾಣತೈತಿ. "ಇದನ್ನ ಹೊರಬೇಕಂದರ ಕಳ್ಳ ಮನೀನ ಹೊರಬೇಕು," ಅಂದ.

ಮೂರು ದಿನ ಗ್ವಾಡಿ ಬಿದ್ದಿತ್ತು. ಊರು ಊರೇ ಬಂದು ನೋಡಿ ಹೋತು. ಹೆಣ್ಣುಮಕ್ಕಳು ಅರಿಷಿಣ ಕುಂಕುಮ ಹಚ್ಚಿ ಕಾಯಿ ಒಡದರು. ಓಣಿಯ ಹಿರೇ ಮನಶ್ಯಾ ಒಬ್ಬ ಕೋಲು ಊರಕೋತ ಬಂದ. ಭಾಳೊತ್ತು ನೋಡಿದ.

"ನಿನ್ನ ಮನ್ಯಾಗ ಏನೂ ಇಲ್ಲಂತ ಇಷ್ಟು ದಿನ ಎಲ್ಲಾರಿಗೂ ಗೊತ್ತಿತ್ತಲೇ," ಅಂದ. "ಅದರಂಥಾ ಗಟ್ಟಿ ತಿಜೋರಿ ಇನ್ನ ಎಲ್ಲಿ ತರತಿ?"

೪. ಅತ್ತಿ ಸೊಸಿ

ತಗಿಯೂ ಪದ್ಧತಿ ಅಂಗಡಿಯಾಂವಗ ಮತ್ತ ಕೇಳಿಕೊಂಡು ಬಂದು, ಗಡಿಗ್ಯಾಗಿನ ಬಂಗಾರ ಗಂಟು ಕಟ್ಟಿ ತಿಜೋರಿಯ ಮ್ಯಾಲಿನ ಖಣದಾಗ ಇಟ್ಟೆ. ಕೆಳಗಿನ ಖಣ ಖಾಲಿ ಉಳೀತು. ಅದು ಹೆಂಗೋ ಓಣಿಗೆ ಗೊತ್ತಾತು.

ಬಾಜೂ ಮನಿ ಅತ್ತಿ ಒಂದಿನ ಸೆರಗಿನ್ಯಾಗ ಡಬ್ಬಿ ಮುಚ್ಚಿಕೊಂಡು ಬಂದಳು. ರೇಷನ್ ಸಕ್ಕರಿ. "ಅಣ್ಣಾ, ಇದನ್ನ ಇಡು. ನಮ್ಮ ಸೊಸಿ ಮುಕ್ಕತಾಳ. ಆಕಿಗೆ ಹೇಳಬ್ಯಾಡ."

ಇಟ್ಟೆ.

ಮರುದಿನ ಸೊಸಿ ಬಂದಳು. ಆಕೀ ಸೆರಗಿನ್ಯಾಗೂ ಡಬ್ಬಿ. ಚಾ ಪುಡಿ. ತವರಿನಿಂದ ಅಣ್ಣ ತಂದು ಕೊಟ್ಟದ್ದು. "ಮಾವಾರ, ಇದನ್ನ ಇಡ್ರಿ. ನಮ್ಮತ್ತಿ ಬಂದವರಿಗೆಲ್ಲಾ ಚಾ ಮಾಡಿ ಮಾಡಿ ಮುಗಸತಾಳ. ಆಕಿಗೆ ಹೇಳಬ್ಯಾಡ್ರಿ."

ಅದನ್ನೂ ಇಟ್ಟೆ. ಹೇಳೂದು ನನಗ ಮೊದಲಿಂದ ಕಮ್ಮಿ.

ಅವರ ಮನ್ಯಾಗ ಆ ಎರಡು ತಿಂಗಳು ಚಾ ಆಗಲಿಲ್ಲ. ಸಕ್ಕರಿ ಎಲ್ಲಿ ಅಂತ ಸೊಸಿ ಕೇಳೂದು, ಪುಡಿ ಎಲ್ಲಿ ಅಂತ ಅತ್ತಿ ಕೇಳೂದು. ಬೈದಾಟ ನಮ್ಮನಿತನಾ ಕೇಳಸತಿತ್ತು. ಅತ್ತಿಯ ಮಗ ಒಂದಿನ ನಮ್ಮ ಮನಿ ಕಟ್ಟಿಮ್ಯಾಲೆ ಬಂದು ಕುಂತ. "ಕಾಕಾ, ಇವರಿಬ್ಬರು ಒಂದು ಕಡೆ ಸುಮ್ಮ ಇರೂದು ಈ ಜನ್ಮದಾಗ ನೋಡತೀನೇನು?" ಅಂದ.

ನಾ ಆತನ ಒಳಗ ಕರಕೊಂಡು ಹೋಗಿ ಕದಾ ತಗದು ತೋರಿಸಿದೆ. ಎರಡೂ ಡಬ್ಬಿ ಒಂದಕ್ಕೊಂದು ಹತ್ತಿ ಕುಂತಿದ್ದವು.

೫. ಹಗಲಿ ಕನ್ನ

ಲಗ್ನ ಬಬಲೇಶ್ವರದಾಗ. ಬೀಗರ ಮನಿ ಹಿರಿಯ ಒಂದು ಮಾತು ಹೇಳಿ ಕಳಿಸಿದ್ದ, "ಹುಡಗಿ ಬರೇ ಕೊಳ್ಳಿಲೆ ಹಂದರದಾಗ ಬರಬಾರದು." ನಾನೂ ಹೂಂ ಅಂದಿದ್ದೆ.

ಲಗ್ನಕ್ಕ ನಮ್ಮ ಮನಿ ಸಾರಿಸಬೇಕು, ಸುಣ್ಣ ಹಚ್ಚಬೇಕು. ಮಾಡೂವಾಕಿ ಇದ್ದಿದ್ದಿಲ್ಲ. ಓಣಿ ಹೆಣ್ಣುಮಕ್ಕಳು ಕರೀದಿದ್ದರೂ ಬಂದರು. ನಾ ಬಂಡಿ ತಗೊಂಡು ಹೋಗಿದ್ದೆ. ಗ್ವಾಡಿಗೆಲ್ಲಾ ಸುಣ್ಣ ಹಚ್ಚಿದರು. ತಿಜೋರಿ ಕದನೂ ಗ್ವಾಡ್ಯಾಗ ಇತ್ತು, ಅದಕ್ಕೂ ಹಚ್ಚಿದರು. ಕೀಲಿ ತೂತು ಕಂಡಿತು. "ಅಯ್ಯ, ಚೇಳು ಹೊಕ್ಕೀತವಾ," ಅಂತ ಒಬ್ಬಾಕಿ ಸಗಣಿ ಮಣ್ಣು ಕಲಿಸಿ ಗಟ್ಟಿಸಿ ತುಂಬಿದಳು. ಚಲೋ ಮನಸಿನಿಂದ ತುಂಬಿದ್ದು. ಭಾಳ ಒಳಗಿನತನಾ ತುಂಬಿದ್ದಳು.

ಲಗ್ನಕ್ಕ ಹೊಂಡೂ ಹಿಂದಿನ ದಿನ ಮುಂಜಾನೆ ಬಂಗಾರ ತಗಿಯಾಕ ಹೋದೆ. ಮಣ್ಣು ಕಲ್ಲಾಗಿತ್ತು. ಮೊಳಿಲೆ ಕೆತ್ತಿದೆ. ಎಣ್ಣಿ ಬಿಟ್ಟೆ. ಕೀಲಿಕೈ ಹಾಕಿ ತಿರುವಿದೆ. ಅರ್ಧ ಒಳಗ ಉಳೀತು. ಅರ್ಧ ಕೈಯಾಗ ಬಂತು.

ಕಂಬಾರ ಬಂದು ನೋಡಿದ. "ಒಡೀತೇನಿ. ನಾಕು ದಿನ ಬೇಕು."

ಮಗಳು ಹೊಸ್ತಿಲ ಮ್ಯಾಲೆ ಕುಂತಿದ್ದಳು. "ಅಪ್ಪಾ, ಇರಲಿ ಬಿಡು. ಬಂಗಾರ ಇಲ್ಲಂದ್ರ ಏನಾಗತೈತಿ," ಅಂದಳು.

"ಹಂಗ ಆಗಂಗಿಲ್ಲ," ನಾ ಅಂದೆ.

ಆಗ ಪೊಲೀಸ್ ಪಾಟೀಲರು ಒಂದು ದಾರಿ ಹೇಳಿದರು. ಊರಿನ ಕಳವು ಜಗಳ ನೋಡಿಕೊಳ್ಳೂದು ಅವರ ಕೆಲಸ. ಬಾಜೂ ಹಳ್ಳ್ಯಾಗ ಒಬ್ಬ ಇದ್ದಾನ, ಕನ್ನ ಹಾಕೂದ್ರಾಗ ಅವನ ಕೈ ಯಾರೂ ಹಿಡಿಯಂಗಿಲ್ಲ, ಸಜಾ ಮುಗಿಸಿ ತುರಂಗದಿಂದ ಬಂದು ಈಗ ಹೊಲಾ ಮಾಡತಾನ ಅಂದರು. ಬಂಡಿ ಕಳಿಸಿದಿವಿ. ಮಧ್ಯಾಹ್ನಕ್ಕ ಬಂದ. ಸಣ್ಣ ಆಳು. ಕೈಯಾಗ ಒಂದು ಗಿಡ್ಡ ಕಬ್ಬಿಣದ ಹಾರಿ. ಮನಿ ಮುಂದ ನಿಂತ.

"ಒಳಗ ಬಾರಪ್ಪಾ," ಅಂದೆ.

"ಬಾಗಲದಿಂದ ಹೋಗಿ ರೂಢಿ ಇಲ್ಲ್ರಿ ಯಜಮಾನ್ರ," ಅಂದ. ಹಿಂದಿನ ಓಣಿಗೆ ಹೋದ.

ಗ್ವಾಡಿಗೆ ಅಂಗೈ ಹಚ್ಚಿ ಒಂದು ಜಾಗಾ ಹಿಡದ. ಹಾರಿ ಹಾಕಿದ. ಮಂದಿ ಕೂಡಿತು. ಗೌಂಡಿನೂ ಬಂದ. ಒಬ್ಬ ಅಂದ, "ಅಲ್ಲಿ ಅಲ್ಲೋ, ಮ್ಯಾಲೆ ಹಾಕು." ಇನ್ನೊಬ್ಬ, "ಬಾಜೂಕ, ಬಾಜೂಕ." ಆತ ಹಾರಿ ಇಳಿಸಿದ.

"ನಿಮಗ ಇಷ್ಟು ಬರತಿದ್ದರ ನನ್ನ ಒಬ್ಬನ್ನ ಯಾಕ ತುರಂಗಕ್ಕ ಹಾಕಿದ್ದಿರಿ?"

ಮತ್ತ ಎರಡು ಹೊಡತ ಹೊಡದು ನಿಂತ. "ಪಾಟೀಲ್ರ, ಇವರನ್ನ ಒಂದೀಟು ದೂರ ಸರಸ್ರಿ. ಹಗಲಿ ಮಾಡಿ ಗೊತ್ತಿಲ್ಲ. ನಾಚಿಕಿ ಬರತೈತಿ."

ಪಾಟೀಲರು ಮಂದಿ ಸರಿಸಿದರು. ಆತಗ ಬಿಸಲು ಹೊಡೀತೈತಿ ಅಂತ ತಾವು ಛತ್ರಿ ಹಿಡಕೊಂಡು ನಿಂತರು. ಕಳ್ಳಗ ಪೊಲೀಸ್ ಪಾಟೀಲ ಛತ್ರಿ ಹಿಡದದ್ದು ನಮ್ಮೂರಾಗ ನಾವ ನೋಡೇವಿ.

ಗ್ವಾಡಿ ತಗೀತು. ತಿಜೋರಿ ಬೆನ್ನು ಕಂಡಿತು. ಆತ ಬಟ್ಟಿಲೆ ಬಡದು ನೋಡಿ ನನ್ನ ಕಡೆ ತಿರುಗಿದ.

"ಎಷ್ಟು ಕೊಟ್ಟ್ರಿ ಇದಕ್ಕ?"

ಹೇಳಿದೆ.

"ಮುಂದ ಕಬ್ಬಿಣ ಐತಿ. ಹಿಂದ ತಗಡ. ಯಾರೋ ಬೆನ್ನು ಬದಲಿಸ್ಯಾರ. ಇದನ್ನ ತಗೊಳ್ಳೂ ಮುಂದ ಯಾರೂ ನೋಡಲಿಲ್ಲೇನು?"

"ದಲ್ಲಾಳಿ ಹಲ್ಲು ನೋಡಿದ್ದ," ಅಂದೆ.

ಒಂದು ಬೀಡಿ ಸೇದೂದ್ರಾಗ ತಗಡ ಬಿಚ್ಚಿತು. ಆತ ಒಳಗ ಕೈ ಹಾಕಿದ. ಮೊದಲ ಎರಡು ಡಬ್ಬಿ ಬಂದವು. ಅತ್ತಿ ಸೊಸಿ ಇಬ್ಬರೂ ಅಲ್ಲೇ ಇದ್ದರು. ಒಬ್ಬರ ಮಾರಿ ಒಬ್ಬರು ನೋಡಿಕೊಂಡರು. ಆಮ್ಯಾಲೆ ಬಂಗಾರದ ಗಂಟು ಬಂತು. ಆತ ಅದನ್ನ ನನ್ನ ಕೈಯಾಗ ಕೊಡಲಿಲ್ಲ. ಮಗಳನ್ನ ಕರದ. ಆಕಿ ಸೆರಗು ಒಡ್ಡಿದಳು. ಸರ, ಪಾಟ್ಲಿ, ಕಿವಿ ಜೋಡು, ಒಂದೊಂದಾಗಿ ಉಡ್ಯಾಗ ಹಾಕಿದ.

"ಎಣಿಸಿ ನೋಡ ತಂಗಿ," ಅಂದ. "ನನ್ನ ಕೈಲೆ ಬಂಗಾರ ಕೊಟ್ಟದ್ದು ಇದ ಮೊದಲು. ತಪ್ಪಿದ್ದೀತು."

ಆಕಿ ಎಣಿಸಿದಳು. ಎಲ್ಲಾ ಇತ್ತು.

ಏನು ಕೊಡಲಿ ಅಂತ ನಾ ಕೇಳಿದೆ. ಏನೂ ಬ್ಯಾಡ ಅಂದ. ಲಗ್ನದ ಉಂಡಿ ಎರಡು ವಸ್ತ್ರದಾಗ ಕಟ್ಟಿಕೊಂಡ. ಹಾರಿ ಹೆಗಲಿಗೆ ಹಾಕಿ ನಾಕು ಹೆಜ್ಜಿ ಹೋಗಿ ತಿರುಗಿ ಬಂದ. ಪಾಟೀಲರಿಗೆ ಕೈ ಮುಗದ.

"ಸಾಹೇಬ್ರ, ಇದೊಂದು ಕನ್ನ ನನ್ನ ಹೆಸರಿನ್ಯಾಗ ಬರಕೋಬ್ಯಾಡ್ರಿ."

ಮರುದಿನ ಮುಂಜಾನೆ, ಬಂಡಿ ಹೂಡೂದಕ್ಕ ಮೊದಲು, ಮಗಳು ಬಂದು ನನಗ ಬೆನ್ನು ಮಾಡಿ ಕುಂತಳು. ಬೋರಮಾಳ ಕೈಯಾಗ ಕೊಟ್ಟಳು. ಅದು ಅವ್ವ ಮಾಡೂ ಕೆಲಸ. ದಾರದ ಎರಡೂ ತುದಿ ಹಿಡದೆ. ನನಗ ಬರೂದು ಎತ್ತಿನ ಕೊಳ್ಳಿಗೆ ಹಾಕೂ ಗಂಟು ಒಂದ. ಅದನ್ನ ಹಾಕಿದೆ.