ಬೇಕರಿ ಎದುರಿನ ಕ್ಯಾಮೆರಾ

ಸರ್ಕಾರದ ಕ್ಯಾಮೆರಾದಲ್ಲಿ ಸೆರೆಯಾದ ನಮ್ಮ ಓಡಾಟದ ವಿವರ ಭದ್ರವಾಗಿದೆಯೇ ಎಂದು ಯಾರಾದರೂ ಕೇಳಿದರೆ ನನಗೆ ನಗು ಬರುತ್ತದೆ. ಭದ್ರವಾಗಿರದೆ ಏನು? ನಮ್ಮೂರ ಪೇಟೆಯ ಕ್ಯಾಮೆರಾಗಳ ಪರದೆ ಇರುವುದು ಪಂಚಾಯಿತಿ ಕಚೇರಿಯಲ್ಲಿ, ನನ್ನ ಮೇಜಿನ ಮೇಲೆ. ಅದರ ಪಾಸ್‌ವರ್ಡ್ ಎಷ್ಟು ಉದ್ದವೆಂದರೆ ಸೋಮವಾರ ಬೆಳಿಗ್ಗೆ ನನಗೇ ನೆನಪಿರುವುದಿಲ್ಲ. ಇನ್ನು ಕಳ್ಳರಿಗೆ ಸಿಗುವುದುಂಟೇ?

ಆದರೆ ನಮ್ಮೂರಿನಲ್ಲಿ ಯಾರೂ ಕದಿಯುವುದಿಲ್ಲ, ಬಂದು ಕೇಳುತ್ತಾರೆ. “ನನ್ನ ಕೊಡೆ ಯಾರು ತಗೊಂಡು ಹೋದ್ರು, ಸ್ವಲ್ಪ ನೋಡಿ ಮಾರಾಯ್ರೆ” ಎಂದರೆ ಇಲ್ಲವೆನ್ನುವುದು ಹೇಗೆ? ನನಗೆ ಹುಟ್ಟಿನಿಂದ ದಾಕ್ಷಿಣ್ಯ ಜಾಸ್ತಿ. ಹಾಗಂತ ನಿಯಮ ಮುರಿಯುವವನಲ್ಲ. ಪರದೆಯನ್ನು ಯಾರಿಗೂ ತೋರಿಸುವುದಿಲ್ಲ. ನಾನೇ ನೋಡಿ ಬಾಯಲ್ಲಿ ಹೇಳುತ್ತೇನೆ, ಅಷ್ಟೆ.

ಹೋದ ತಿಂಗಳು ಪಕ್ಕದ ಮನೆಯ ಸರೋಜಕ್ಕ ಹಲಸಿನ ಹಪ್ಪಳದ ಕಟ್ಟು ಹಿಡಿದು ಬಂದರು. ಕೊಪ್ಪದ ಆಸ್ಪತ್ರೆಗೆಂದು ಹೊರಟ ಸೊಸೆ ಸುಮಾ ನಿಜಕ್ಕೂ ಕೊಪ್ಪದ ಬಸ್ಸು ಹತ್ತಿದಳೋ ಇಲ್ಲವೋ ಎಂದು ಅವರಿಗೆ ಅನುಮಾನ. ನೋಡಿದೆ. ಹತ್ತಿದ್ದು ಎನ್.ಆರ್. ಪುರದ ಬಸ್ಸು. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಹಪ್ಪಳ ಮನೆಗೆ ಒಯ್ದೆ.

ಮರುದಿನ ಸುಮಾ ಕಚೇರಿಗೇ ಬಂದಳು. “ಅಲ್ಲಿ ಶಾಲೆ ಕೆಲಸಕ್ಕೆ ಇಂಟರ್‌ವ್ಯೂ ಇತ್ತು ಅಣ್ಣ. ಕೆಲಸ ಸಿಕ್ಕಿದ ಮೇಲೆ ಹೇಳುವ ಅಂತಿದ್ದೆ. ಕೆಲಸ ಏನೋ ಸಿಕ್ಕಿತು. ಆದ್ರೆ ಸುಳ್ಳು ಹೇಳಿ ಹೋದವಳು, ಇನ್ನು ಎಲ್ಲಿಗೂ ಹೋಗೋದು ಬೇಡ ಅಂತಿದ್ದಾರೆ ಅತ್ತೆ.”

ಅವಳ ಕಣ್ಣು ತುಂಬಿತ್ತು. ನಿನ್ನೆಯ ಹಪ್ಪಳ ನೆನಪಾಗಿ ನಾನು ಪರದೆಯ ಕಡೆ ತಿರುಗಿದೆ. ಆದರೂ, “ನನ್ನನ್ನು ಬಿಟ್ಟು ಬೇರೆ ಯಾರೂ ನೋಡಿಲ್ಲಮ್ಮ, ಎಲ್ಲ ಭದ್ರ” ಎಂದೆ.

ಸುಮಾ ಕಣ್ಣೊರೆಸಿಕೊಂಡಳು. “ಅಷ್ಟು ಭದ್ರ ಇದ್ರೆ ಬೇಕರಿ ಎದುರಿನ ಕ್ಯಾಮೆರಾ ಮಾತ್ರ ಎಂತಕ್ಕೆ ಹಲಸಿನ ಮರ ನೋಡ್ತಾ ನಿಂತಿದೆ? ದಿನಾ ಸಂಜೆ ಅಲ್ಲಿ ದಿಲ್‌ಪಸಂದ್ ತಿನ್ನೋರು ಯಾರು ಅಂತ ಅಕ್ಕನಿಗೆ ಗೊತ್ತುಂಟಾ?”

ಅಕ್ಕ ಎಂದರೆ ನನ್ನ ಹೆಂಡತಿ. ನಾನು ಸಿಹಿ ಮುಟ್ಟುವುದಿಲ್ಲವೆಂದು ಊರೆಲ್ಲ ಹೊಗಳಿಕೊಂಡು ಬರುವವಳು. ಕ್ಯಾಮೆರಾ ಹಾಕಿದ ದಿನ ಏಣಿ ಹಿಡಿದು ನಿಂತು ಅದರ ಮುಖ ಮರದ ಕಡೆ ತಿರುಗುವಂತೆ ಮಾಡಿಸಿದವನು ನಾನೇ.

ಅಂದೇ ಸಂಜೆ ಸರೋಜಕ್ಕನ ಜಗಲಿಯಲ್ಲಿ ಕೂತು, ಹೆಣ್ಣುಮಕ್ಕಳ ಉದ್ಯೋಗದ ಬಗ್ಗೆ ನನ್ನ ಜೀವಮಾನದ ಅತ್ಯುತ್ತಮ ಭಾಷಣ ಮಾಡಿದೆ. ಮೂರನೆಯ ಲೋಟ ಕಾಫಿಗೆ ಅವರು ಒಪ್ಪಿದರು.

ಈಗ ಸುಮಾ ದಿನವೂ ಎನ್.ಆರ್. ಪುರದ ಬಸ್ಸು ಹತ್ತುತ್ತಾಳೆ. ಸಂಜೆ ಇಳಿದವಳು ಬೇಕರಿಯ ಕಡೆ ನೋಡಿ ನಗುತ್ತಾಳೆ. ನನ್ನ ಗುಟ್ಟು ಅವಳ ಹತ್ತಿರ ಪೂರ್ತಿ ಭದ್ರವಾಗಿದೆ, ನನ್ನ ಹೆಂಡತಿ ಹಪ್ಪಳದ ಕಟ್ಟು ಹಿಡಿದು ಅವರ ಮನೆಗೆ ಹೋಗುವ ತನಕ.