ಒಲೆಗೆ ನೀರು ಬಿದ್ದರೆ ಚಿಗವ್ವನ ಪಾಲು

ನಮ್ಮ ಚಿಗವ್ವನಷ್ಟು ಮದುವೆ ತಿರುಗಿದವರು ಇಡೀ ವಿಜಾಪುರದಲ್ಲಿ ಇನ್ನೊಬ್ಬರಿಲ್ಲ. ಆದರೆ ಒಂದು ಮದುವೆಯಲ್ಲೂ ಆಕೆ ಕೂತು ಉಂಡದ್ದನ್ನು ಕಂಡವರಿಲ್ಲ! ಆಮಂತ್ರಣ? ಅದ್ಯಾರಿಗೆ ಬೇಕು! ಬ್ಯಾಂಡಿನ ಸದ್ದು ಕೇಳಿದರೆ ಸಾಕು, ಮುಚ್ಚಳದ ಎರಡು ಬಕೆಟ್ಟು ಹಿಡಿದು ಹೊರಟುಬಿಡುತ್ತಿದ್ದಳು.

ಎಪ್ಪತ್ತರ ದಶಕದ ಬರದ ದಿನಗಳು ಅವು. ಓಣಿಯ ನಾಲ್ವರು ಹೆಂಗಸರನ್ನು ಕೂಡಿಸಿ ಅನ್ನ ಉಳಿಸುವ ಮಂಡಳಿ ಕಟ್ಟಿದ್ದಳು. ಅಧ್ಯಕ್ಷೆ ತಾನೇ, ಚುನಾವಣೆ ನಡೆಸಿದವಳೂ ತಾನೇ! ಮದುವೆಯಲ್ಲಿ ಮಿಕ್ಕ ಅಡುಗೆಯನ್ನು ಟಿಕೋಟಾ ರಸ್ತೆಗೆ ಜಲ್ಲಿಕಲ್ಲಿನ ಖಡಿ ಒಡೆಯುವವರ ಗುಡಿಸಲುಗಳಿಗೆ ಮುಟ್ಟಿಸುವುದು ಕೆಲಸ. ಕಾಯ್ದೆ ಒಂದೇ: “ಅಡಗಿಯಂವ ಒಲಿಗೆ ನೀರು ಹಾಕಿದಾಂದ್ರ ಊಟ ಮುಗೀತು. ಉಳಿದದ್ದು ಹಸದವರ ಪಾಲು. ಆಮ್ಯಾಲ ದೇವ್ರು ಬಂದು ಕೇಳಿದ್ರೂ ಕೊಡಂಗಿಲ್ಲ!”

ಎಲೆಯಲ್ಲಿ ಬಿಟ್ಟೇಳುವವರನ್ನು ಕಂಡರೆ ಮೈ ಉರಿಯುತ್ತಿತ್ತು. ಒಮ್ಮೆ ಒಬ್ಬನ ಭುಜ ಹಿಡಿದು, “ಏನಪಾ, ಹೋಳಿಗಿ ಬಿಟ್ಟು ಎಲ್ಲಿಗಿ ಹೊಂಟಿ? ಕೂಡು, ಮುಗಿಸು!” ಎಂದು ಕೂರಿಸಿದಳು. ಅವನು ಕೂತು ಪೂರ್ತಿ ತಿಂದ. ಆಮೇಲೆ ನೋಡಿದರೆ, ಅವನೇ ಮದುಮಗ!

ಇದನ್ನೆಲ್ಲ ನಕ್ಕು ಹೇಳುತ್ತಿದ್ದ ನನಗೆ ತಂಗಿಯ ಮದುವೆಯಲ್ಲಿ ಎದೆಯೇ ಒಡೆಯಿತು. ಟಿಕೋಟಾದಲ್ಲಿ ಸೋದರಮಾವನ ಮನೆ ಮುಂದೆ ಹಂದರ. ಅಕ್ಷತೆ ಬಿತ್ತು, ಊರವರು ಉಂಡರು. ಬೀಗರು ಸಾರವಾಡದವರು. ಬಾಜಾ ಸಮೇತ ಹೋಗಿ ಊಟಕ್ಕೆ ಕರೆಯುವ ತನಕ ಬಿಡಾರ ಬಿಟ್ಟು ಏಳುವುದಿಲ್ಲ, ಅದು ಮರ್ಯಾದೆ. ಬಾಜಾದವರು ಆಗಷ್ಟೇ ಉಣ್ಣಲು ಕೂತಿದ್ದರು. ಅಷ್ಟರಲ್ಲಿ ಗಾಳಿ ಎದ್ದು ಕಿಡಿ ಹಂದರದ ಕಡೆ ಹಾರಿತು. ಅಡುಗೆಯವನು ಗಾಬರಿಯಿಂದ ಒಲೆಗೆ ಒಂದು ಕೊಡ ನೀರು ಸುರಿದ. ಸುರಿದನೇ? ಮುಗಿಯಿತು! ಬೀಗರ ಊಟವೂ ಆಯಿತೆಂದೇ ತಿಳಿದಳು ಚಿಗವ್ವ. ನಾವು ಬೀಗರನ್ನು ಕರೆತರುವಷ್ಟರಲ್ಲಿ ಹುಗ್ಗಿ, ಅನ್ನ, ಬದನೆಕಾಯಿ ಎಲ್ಲವೂ ಮಂಡಳಿಯ ಎತ್ತಿನ ಚಕ್ಕಡಿಯಲ್ಲಿ ಮಾಯವಾಗಿದ್ದವು.

“ಕರದು ಖಾಲಿ ಹಂಡೆ ತೋರಸ್ತೀರಿ? ಹುಡುಗನ್ನ ಕರಕೊಂಡು ಹೊಂಟ್ವಿ ನಾವು!” ಬೀಗರು ಟ್ರ್ಯಾಕ್ಟರ್ ಶುರು ಮಾಡಿಸಿದರು. ಒಳಗೆ ತಂಗಿಯ ಅಳು. ಸೋದರಮಾವ ಬೀಗರ ಕಾಲು ಹಿಡಿದ. ನಾನು ಸೈಕಲ್ ಹತ್ತಿದೆ.

ಗುಡಿಸಲು ಮುಟ್ಟಿದಾಗ ಎಲ್ಲರ ತಟ್ಟೆಯಲ್ಲೂ ಹುಗ್ಗಿ ಬಿದ್ದಾಗಿತ್ತು.

“ಬೀಗರದು ಊಟ ಆಗಿಲ್ಲ!” ಎಂದೆ.

ಚಿಗವ್ವನ ಕೈಯಿಂದ ಸೌಟು ಜಾರಿತು. “ತಾಟಿನಾಗ ಬಿದ್ದದ್ದನ್ನ ಹೆಂಗ ತಿರುಗಿ ಕೇಳ್ಲೋ?” ಎಂದಳು.

ಆಗ ಒಬ್ಬ ಮುದುಕಿ ಎದ್ದು ಒಳಗೆ ಹೋಗಿ ಗಂಟು ತಂದಳು: ಒಣಗಿಸಿಟ್ಟ ಕಟಕ ರೊಟ್ಟಿ, ಶೇಂಗಾ ಚಟ್ನಿ. ಅವಳನ್ನು ನೋಡಿ ಉಳಿದವರೂ ಎದ್ದು ತಮ್ಮ ತಮ್ಮ ಗಂಟು ತಂದರು. ಅದು ಅವರ ನಾಳಿನ, ನಾಡಿದ್ದಿನ ಬುತ್ತಿ!

ಚಕ್ಕಡಿ ತಿರುಗಿತು. ಮುದುಕಿಯೂ ಹತ್ತಿದಳು. ಚಿಗವ್ವ ಬೀಗರ ಮುಂದೆ ಗಂಟು ಬಿಚ್ಚಿ, “ತಪ್ಪು ನಂದ್ರಿ. ಸಿಟ್ಟು ನನ್ನ ಮ್ಯಾಲ ತೀರಿಸ್ರಿ, ಹುಡುಗಿ ಮ್ಯಾಲ ಬ್ಯಾಡ. ಇದು ಖಡಿ ಒಡಿಯೋರು ತಮ್ಮ ನಾಳಿನ ಬುತ್ತಿ ಬಿಚ್ಚಿ ಕಳಿಸಿದ್ದು,” ಎಂದಳು. ಬೀಗರ ಯಜಮಾನ ಒಂದು ರೊಟ್ಟಿ ಕೈಗೆತ್ತಿಕೊಂಡ. ಕಟಕ್ಕನೆ ಮುರಿದ. “ಟ್ರ್ಯಾಕ್ಟರ್ ಬಂದ್ ಮಾಡೋ. ಚಟ್ನಿ ಇನ್ನಷ್ಟು ಹಾಕ್ರಿ,” ಎಂದ.

ಎಲ್ಲರೂ ಉಂಡೆದ್ದರು. ಚಿಗವ್ವ ಬಕೆಟ್ಟು ತೊಳೆಯುತ್ತಿದ್ದಳು. ಮುದುಕಿ ಹತ್ತಿರ ಬಂದು ಕೇಳಿದಳು:

“ಯವ್ವಾ, ನೀ ಉಂಡಿ?”

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದ ನಾನು ಒಮ್ಮೆಯೂ ಇದನ್ನು ಕೇಳಿರಲಿಲ್ಲವಲ್ಲ! ಚಿಗವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಅಲ್ಲೇ ಕುಸಿದು ಕೂತಳು. ನಾನು ಎಲೆ ತರಲು ಓಡಿದೆ.