ಅಜ್ಜಿಯ ಕಿವಿಗೆ ತಕ್ಕ ಆಂಪ್ಲಿಫೈಯರ್

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಗಿಟಾರು ಕೆಂಪಗಿತ್ತು ಎಂದು ನನ್ನ ನೆನಪು. ಕಂದು ಬಣ್ಣದ್ದು ಎಂದು ತಂಗಿಯ ವಾದ. ಆಗಿನ ದಿನಚರಿ ತೆಗೆದು ನೋಡಿದರೆ "ಮಾವ ಬಂದರು. ಪೆಟ್ಟಿಗೆ ತಂದರು. ತಲೆನೋವು" ಎಂದಷ್ಟೇ ಬರೆದಿದೆ. ಬಣ್ಣದ ಸುದ್ದಿಯೇ ಇಲ್ಲ! ಅದೂ ಅಲ್ಲದೆ ನಮ್ಮ ಮನೆಯಲ್ಲಿ ಆಡುತ್ತಿದ್ದದ್ದು ತುಳು. ನಾನು ಅದನ್ನೆಲ್ಲ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಅಂದರೆ ಅವರು ಆಡದ ಮಾತನ್ನೇ ಅವರ ಬಾಯಿಗೆ ಹಾಕುತ್ತಿದ್ದೇನೆ ಎಂದಾಯಿತಲ್ಲ? ಇರಲಿ. ಒಂದು ಸಂಗತಿಯಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ನಮ್ಮ ಮಾವನಷ್ಟು ಆಂಪ್ಲಿಫೈಯರುಗಳನ್ನು ಮನೆಗೆ ಹೊತ್ತು ತಂದು, ಅವುಗಳಲ್ಲಿ ಒಂದನ್ನೂ ಕೊಳ್ಳದ ಮನುಷ್ಯ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಮೂರೂ ಕಡೆ ಜಾಲಾಡಿದರೂ ಇನ್ನೊಬ್ಬ ಸಿಗಲಿಕ್ಕಿಲ್ಲ!

ಮಾವ ಎಂದರೆ ಅಮ್ಮನ ತಮ್ಮ. ಹರೆಯದಲ್ಲಿ ಬೊಂಬಾಯಿಗೆ ಹೋಗಿ ನೆಂಟರ ಹೋಟೆಲಿನ ಕ್ಯಾಶಿನಲ್ಲಿ ಕೂತವರು. ಹೋದವರೆಲ್ಲ ಹೋಟೆಲು ನಡೆಸುವುದನ್ನು ಕಲಿತು ಬಂದರೆ ಇವರು ಎಲೆಕ್ಟ್ರಿಕ್ ಗಿಟಾರು ಕಲಿತು ಬಂದರು. ಅಜ್ಜ ತೀರಿಕೊಂಡ ಮೇಲೆ ಊರಿಗೆ ಮರಳಿ ಬೆಳ್ತಂಗಡಿಯ ಒಂದು ಕಚೇರಿಯಲ್ಲಿ ಗುಮಾಸ್ತರಾದರು. ವಾರವಿಡೀ ಅಲ್ಲಿ ಬಾಡಿಗೆ ಕೋಣೆ. ಶನಿವಾರ ಮೂಡಬಿದಿರೆಗೆ ಹೋಗಿ ಅಲ್ಲಿಯ ಆರ್ಕೆಸ್ಟ್ರಾದವರ ಜೊತೆ ಮದುವೆಗಳಲ್ಲಿ, ಶಾಲಾ ವಾರ್ಷಿಕೋತ್ಸವಗಳಲ್ಲಿ ನುಡಿಸುವುದು. ಭಾನುವಾರ ಬೆಳಿಗ್ಗೆ ಸಿದ್ಧಕಟ್ಟೆ ಮಾರ್ಗದ ಬಸ್ಸು ಹಿಡಿದು ಪಾಣೆಮಂಗಳೂರಿನ ನಮ್ಮ ಮನೆಗೆ ಬರುವುದು. ಹೆಗಲಲ್ಲಿ ಗಿಟಾರು, ಕೈಯಲ್ಲಿ ಯಾರದೋ ಆಂಪ್ಲಿಫೈಯರು, ಚೀಲದಲ್ಲಿ ಯಾರದೋ ಪೆಡಲು.

ಪೆಡಲೆಂದರೆ ಸೈಕಲ್ಲಿನದೆಂದು ನಾವೂ ಮೊದಲು ತಿಳಿದಿದ್ದೆವು. ಇದು ತಿಂಡಿ ಡಬ್ಬಿಯಷ್ಟು ದೊಡ್ಡ ತಗಡಿನ ಪೆಟ್ಟಿಗೆ. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ವಯರಿನಲ್ಲಿ ಸಿಕ್ಕಿಸಿ ಕಾಲಿನಿಂದ ಮೆಟ್ಟಬೇಕು. ಮೆಟ್ಟಿದ ಕೂಡಲೇ ಅಷ್ಟು ಹೊತ್ತು ನೆಟ್ಟಗಿದ್ದ ನಾದ ಕೆಟ್ಟು ಬರುತ್ತದೆ. ಕೆಡುವುದರಲ್ಲಿಯೂ ಬಗೆಗಳಿವೆ ಎಂದು ಮಾವ ವಿವರಿಸುತ್ತಿದ್ದರು: ಫಜ್, ವಾ-ವಾ, ಇಕೋ. ಒಳ್ಳೆಯ ನಾದವನ್ನು ಕೆಡಿಸಲಿಕ್ಕೆ ಇಷ್ಟು ಖರ್ಚು ಯಾಕೆ ಎಂದು ಕೇಳಿದರೆ ಅವರಿಗೆ ನಿಜವಾಗಿಯೂ ನೋವಾಗುತ್ತಿತ್ತು.

ಇಷ್ಟೆಲ್ಲ ಹೊತ್ತು ತರುವುದಕ್ಕೆ ಒಂದು ಕಾರಣವಿತ್ತು. ಬೊಂಬಾಯಿಯ ಗೆಳೆಯನೊಬ್ಬ ಅಲ್ಲಿಯ ದೊಡ್ಡ ಹೋಟೆಲಿನ ಬ್ಯಾಂಡಿಗೆ ಮಾವನನ್ನು ಕರೆಯುತ್ತಲೇ ಇದ್ದ. ಮಾವನಿಗೆ ಆಸೆ ಇರಲಿಲ್ಲವೆಂದಲ್ಲ. ಆದರೆ ನಮ್ಮ ಜೊತೆಯಲ್ಲಿದ್ದ ಅಜ್ಜಿಗೆ, ಅಂದರೆ ಮಾವನ ಅಮ್ಮನಿಗೆ, ಒಂದು ಜ್ವರ ಬಂದು ಹೋದ ಮೇಲೆ ಕಿವಿ ಮಂದವಾಗಿತ್ತು. ಮಗ ಗಿಟಾರು ಕಲಿತದ್ದು ಅವರಿಗೆ ಗೊತ್ತು, ಕೇಳಿದ್ದು ಮಾತ್ರ ಇಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಮಾವ ಎಲ್ಲರೆದುರು ಶಪಥ ಮಾಡಿಬಿಟ್ಟರು: "ನಾನು ಬಾರಿಸುದು ಅಮ್ಮನಿಗೆ ಒಮ್ಮೆ ಸರಿಯಾಗಿ ಕೇಳ್ಲಿ. ಮರುದಿನವೇ ಬೊಂಬಾಯಿ ಬಸ್ಸು ಹತ್ತುತ್ತೇನೆ."

ಅಮ್ಮ ಇದನ್ನು ಅಜ್ಜಿಯ ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಹೇಳಿದಳು. ಅಜ್ಜಿ ಸಾರು ಸುರಿದುಕೊಳ್ಳುತ್ತಾ, "ಆಯ್ತು, ಕೇಳುವ" ಎಂದರು.

ಆ ಮೇಲಿನ ಭಾನುವಾರದಿಂದಲೇ ಪರೀಕ್ಷೆ ಶುರು. ಅಜ್ಜಿ ಚಾವಡಿಯಲ್ಲಿ ಮಾವನಿಗೆ ಬೆನ್ನು ಹಾಕಿ ಮಣೆಯ ಮೇಲೆ ಕೂರಬೇಕು. "ಮುಖ ನೋಡಿದ್ರೆ ಅಮ್ಮ ಸುಮ್ಮನೆ ಮಾರ್ಕು ಕೊಟ್ಟಾರು" ಎಂದು ಮಾವನ ಕಾನೂನು. ಅಜ್ಜಿ ಅಬ್ಬಲಿಗೆ ಹೂ ಕಟ್ಟುತ್ತಾ ಕೂರುತ್ತಿದ್ದರು. ಹಿಂದಿನಿಂದ ಮಾವ ಒಂದು ಪದ್ಯ ನುಡಿಸಿ, "ಅಮ್ಮಾ, ಕೇಳಿತಾ?" ಎಂದು ಕೂಗುವುದು.

ಫಜ್ ಪೆಡಲಿಗೆ ಅಜ್ಜಿಯ ತೀರ್ಪು: "ಕಾವಲಿಗೆ ನೀರು ಚಿಮುಕಿಸಿದ ಹಾಗೆ ಎಂತದೋ ಚುಂಯ್ ಅಂತದೆ ಮಗಾ. ಪದ್ಯ ಕೇಳ್ಲಿಲ್ಲ."

ವಾ-ವಾಕ್ಕೆ: "ಯಾರದೋ ಮಗು ಹಠ ಮಾಡ್ತಾ ಉಂಟು. ಎತ್ತಿಕೊಳ್ಳಿ ಯಾರಾದ್ರೂ!"

ಇಕೋ ಪೆಟ್ಟಿಗೆ ತಂದ ದಿನ: "ಒಮ್ಮೆ ಹೇಳಿದ್ದೇ ಕೇಳುದಿಲ್ಲ ನನಗೆ. ಅದನ್ನೇ ನಾಲ್ಕು ಸಲ ಹೇಳಿದ್ರೆ ಕೇಳ್ತದಾ?"

ಮಾವ ಬೇಸರಿಸುತ್ತಿರಲಿಲ್ಲ. ಡಾಕ್ಟರರ ಹಾಗೆ ಗಂಭೀರವಾಗಿ ತಲೆಯಾಡಿಸಿ, "ಟ್ರೆಬಲ್ ಜಾಸ್ತಿಯಾಯ್ತು" ಎಂದೋ, "ಇದು ಟ್ರಾನ್ಸಿಸ್ಟರಿನ ದೋಷ, ವಾಲ್ವಿನದ್ದು ತರಬೇಕು" ಎಂದೋ ಹೇಳಿ ವಯರು ಸುತ್ತುತ್ತಿದ್ದರು. ವಾಲ್ವಿಗೂ ಟ್ರಾನ್ಸಿಸ್ಟರಿಗೂ ಏನು ವ್ಯತ್ಯಾಸ ಎಂದು ಅಮ್ಮ ಒಮ್ಮೆ ಕೇಳಿ ಸಿಕ್ಕಿಬಿದ್ದಳು.

"ವಾಲ್ವ್ ಅಂದ್ರೆ ಕುಚ್ಚಲಕ್ಕಿ ಗಂಜಿ ಅಕ್ಕ. ಬಿಸಿಯಾಗ್ಲಿಕ್ಕೆ ಹೊತ್ತು ಬೇಕು, ಆದ್ರೆ ಹೊಟ್ಟೆಗೆ ಹಿಡೀತದೆ. ಟ್ರಾನ್ಸಿಸ್ಟರ್ ಅಂದ್ರೆ ಬಿ.ಸಿ.ರೋಡಿನ ಹೋಟೆಲಿನ ಅವಲಕ್ಕಿ. ಕೂತ ಕೂಡ್ಲೇ ಬರ್ತದೆ, ಎದ್ದ ಕೂಡ್ಲೇ ಹಸಿವು."

"ಹಾಗಾದ್ರೆ ಗಂಜಿಯನ್ನೇ ತಗೊಂಡು ಮುಗಿಸು ಮಾರಾಯ!"

"ಹಾಗೆ ಹೇಳ್ಲಿಕ್ಕಾಗುದಿಲ್ಲ. ಗಂಜಿಯಲ್ಲಿ ಎಷ್ಟು ನಮೂನೆ ಉಂಟು ಅಂತ ನಿನಗೆ ಗೊತ್ತುಂಟಾ?"

ಹೀಗೆ ಮುಂದಿನ ವಾರ ವಾಲ್ವಿನ ಆಂಪ್ಲಿಫೈಯರು ಬಸ್ಸಿನಲ್ಲಿ ಬಂತು. ಈ ಪ್ರಯಾಣದ ಕತೆ ಮಾವನೇ ಹೇಳಿದ್ದು, ಆದ್ದರಿಂದ ಅರ್ಧ ಕಳೆದು ಓದಬಹುದು. ಕಂಡಕ್ಟರು ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕು ಎಂದನಂತೆ. ಗಾಜಿನ ವಾಲ್ವು, ಒಡೆದೀತು ಎಂದು ಮಾವ ಅದಕ್ಕೆ ತಮ್ಮ ಸೀಟು ಬಿಟ್ಟುಕೊಟ್ಟು ತಾವು ನಿಂತರಂತೆ. ಸಿದ್ಧಕಟ್ಟೆಯಲ್ಲಿ ಹಿರಿಯರೊಬ್ಬರು ಹತ್ತಿ, ಸೀಟಿನ ಮೇಲೆ ಪೆಟ್ಟಿಗೆ ಕೂತಿರುವುದನ್ನು ನೋಡಿ ಕೆಮ್ಮಿದರಂತೆ. ಮಾವ ತಕ್ಷಣ, "ನೀವು ಕೂತುಕೊಳ್ಳಿ. ಇವನನ್ನು ಸ್ವಲ್ಪ ಮಡಿಲಲ್ಲಿ ಇಟ್ಟುಕೊಳ್ಳಿ. ಕೆಳಗಿನಿಂದ ಕೈ ಕೊಟ್ಟು ಹಿಡೀರಿ, ಒಳಗೆ ಗಟ್ಟಿ ಇಲ್ಲ" ಎಂದರಂತೆ. ಆ ಪುಣ್ಯಾತ್ಮರು ಬಂಟ್ವಾಳದವರೆಗೆ ಅದನ್ನು ಎದೆಗವಚಿ ಕೂತು, ಇಳಿಯುವಾಗ ಅದರ ತಲೆ ಸವರಿ ಹೋದರಂತೆ!

ಅಜ್ಜಿ ಅದನ್ನೂ ಫೇಲು ಮಾಡಿದರು.

ಆಮೇಲೆ ಮಾವ ಅಮ್ಮನನ್ನು ಹಿಡಿದುಕೊಂಡರು. "ಮೂಡಬಿದಿರೆಯಲ್ಲಿ ಒಂದು ನೋಡಿ ಇಟ್ಟಿದ್ದೇನೆ ಅಕ್ಕ. ನೀನೂ ಬಂದು ನೋಡಿದ್ರೆ ಧೈರ್ಯ." ಮಾವನಿಗೆ ಇನ್ನೂ ಮದುವೆಯಾಗಿರಲಿಲ್ಲ. ಅಮ್ಮನ ಸಂಭ್ರಮ ಕೇಳಬೇಕೆ! ಟ್ರಂಕಿನ ತಳದ ರೇಷ್ಮೆ ಸೀರೆ ತೆಗೆದಳು, ಬಾಳೆಗೊನೆ ಕಟ್ಟಿಸಿದಳು, ನನ್ನನ್ನೂ ಎಳೆದುಕೊಂಡು ಹೋದಳು. ಹೋಗಿ ನೋಡಿದರೆ ಮೈಕ್ ಸೆಟ್ಟಿನವರ ಮನೆ. ಚಾವಡಿಯಲ್ಲಿ ಬಟ್ಟೆ ಹೊದಿಸಿ ಇಟ್ಟಿದ್ದ ಒಂದು ಆಂಪ್ಲಿಫೈಯರು. ಮಾವ ಬಟ್ಟೆಯನ್ನು ಮೆಲ್ಲಗೆ ಸರಿಸಿ, "ಹೇಗುಂಟು?" ಎಂದರು. ಅಮ್ಮನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಬಂದ ಮೇಲೆ ಸುಮ್ಮನೆ ಹೋಗುವುದು ಹೇಗೆ? ಅಷ್ಟರಲ್ಲಿ ಆ ಮನೆಯವರ ತಂಗಿ ಚಹಾ ತಂದರು. ಅಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಆಂಪ್ಲಿಫೈಯರಿಗೆ ಬೆನ್ನು ಹಾಕಿ ಕೂತು ಮಾತಿಗಿಳಿದಳು. ಆಂಪ್ಲಿಫೈಯರು ಅಜ್ಜಿಯ ಪರೀಕ್ಷೆಯಲ್ಲಿ ಫೇಲಾಯಿತು. ಚಹಾ ತಂದವರು ಪಾಸಾದರು. ಅವರೇ ಈಗ ನಮ್ಮ ಅತ್ತೆ.

ಮದುವೆಯಾದ ಮೇಲಾದರೂ ಮಾವ ಸುಧಾರಿಸಿದರೇ? ಎಲ್ಲಿಂದ! ಮೈಕ್ ಸೆಟ್ಟಿನ ಮನೆಯ ಅಳಿಯನಾದ ಮೇಲೆ ಇನ್ನಷ್ಟು ಪೆಟ್ಟಿಗೆಗಳು ಕೈಗೆ ಸಿಕ್ಕಿದವು. "ಬೊಂಬಾಯಿಗೆ ಇಬ್ಬರೂ ಹೋಗುದು, ಅಮ್ಮನಿಗೆ ಒಮ್ಮೆ ಕೇಳ್ಲಿ" ಎಂದು ಶಪಥಕ್ಕೊಂದು ತಿದ್ದುಪಡಿಯೂ ಆಯಿತು.

ಒಂದು ಮೇ ತಿಂಗಳು (ಏಪ್ರಿಲೂ ಇರಬಹುದು, ಅಂಗಳದಲ್ಲಿ ಹಲಸಿನ ಹಪ್ಪಳ ಒಣಗುತ್ತಿದ್ದದ್ದು ಖಂಡಿತ) ಮಾವ ಗಲ್ಫಿನಿಂದ ಬಂದವರೊಬ್ಬರ ಹೊಸ ಫಜ್ ಪೆಡಲು ತಂದಿದ್ದರು. ಸಿಕ್ಕಿಸಿ ಮೆಟ್ಟಿದರೆ ಗಿಟಾರಿನ ಬದಲು ರೇಡಿಯೋ ಮಾತಾಡತೊಡಗಿತು! ಆ ಪೆಟ್ಟಿಗೆ ಅದು ಹೇಗೋ ಮಂಗಳೂರಿನ ಬಾನುಲಿಯನ್ನು ಹಿಡಿದುಬಿಟ್ಟಿತ್ತು. ಗೊಗ್ಗರು ಸ್ವರದಲ್ಲಿ ಯಾರೋ ಕರಾವಳಿಯಲ್ಲಿ ಗುಡುಗು ಸಹಿತ ಮಳೆ ಎಂದು ಓದುತ್ತಿದ್ದರು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿರುವಾಗ, ಬೆನ್ನು ಹಾಕಿ ಕೂತ ಅಜ್ಜಿ ಹೂವಿನಿಂದ ತಲೆ ಎತ್ತದೆ, "ನಗುದು ಸಾಕು. ಹಪ್ಪಳ ಒಳಗೆ ತೆಗೀರಿ" ಎಂದರು.

ಎಲ್ಲರೂ ಅಂಗಳಕ್ಕೆ ಓಡಿದೆವು. ಹಪ್ಪಳ ಉಳಿಯಿತು. ಆ ಗಡಿಬಿಡಿಯಲ್ಲಿ ಯಾರಿಗೂ ಏನೂ ಹೊಳೆಯಲಿಲ್ಲ. ನನಗೆ ಹೊಳೆದದ್ದು ನಾಲ್ಕು ದಿನ ಬಿಟ್ಟು. ಕೇಳಿದರೆ ಅಜ್ಜಿ, "ಆಕಾಶ ನೋಡಿದ್ರೆ ಗೊತ್ತಾಗುದಿಲ್ವಾ?" ಎಂದರು. ಚಾವಡಿಯಿಂದ ಆಕಾಶ ಕಾಣುತ್ತಿತ್ತೇ? ಆ ಮನೆ ಈಗ ಇಲ್ಲ, ಪರೀಕ್ಷಿಸಿ ನೋಡುವ ಹಾಗೂ ಇಲ್ಲ.

ಕೊನೆಗೆ ಬೊಂಬಾಯಿಯ ಗೆಳೆಯನೇ ತಾಳ್ಮೆಗೆಟ್ಟು ಊರಿಗೆ ಬಂದ. ಬ್ಯಾಂಡಿನವರು ಇನ್ನು ಕಾಯುವುದಿಲ್ಲವಂತೆ. ಜೀಪಿನಲ್ಲಿ ಕಪಾಟಿನಷ್ಟು ದೊಡ್ಡ ಆಂಪ್ಲಿಫೈಯರು ಹೇರಿಕೊಂಡು ಬಂದು, "ಇವತ್ತು ಅಜ್ಜಿಗೆ ಕೇಳದಿದ್ರೆ ನಾನು ಮೀಸೆ ಬೋಳಿಸ್ತೇನೆ" ಎಂದ. ಅಜ್ಜಿ ಎಂದಿನಂತೆ ಬೆನ್ನು ಹಾಕಿ ಕೂತರು. ಗೆಳೆಯ ಇದ್ದಬದ್ದ ತಿರುಪುಗಳನ್ನೆಲ್ಲ ಕೊನೆಯವರೆಗೆ ತಿರುಗಿಸಿದ. ಮಾವ ತಂತಿ ಮೀಟಿದರು.

ಏನು ಹೇಳಲಿ! ಅಟ್ಟದಿಂದ ಧೂಳು ಉದುರಿತು. ಅಡುಗೆಮನೆಯಲ್ಲಿ ತಟ್ಟೆಗಳು ತಾವೇ ತಾಳ ಹಾಕಿದವು. ಬೆಕ್ಕು ಆ ದಿನ ಹೋದದ್ದು ಮರುದಿನ ಬಂತು. ಎದುರಿನ ಜೀನಸಿನಂಗಡಿಯ ಬ್ಯಾರಿ ಓಡೋಡಿ ಬಂದು, "ಎಂತ ಆಯ್ತು? ಹೊಳೆಯ ಸಂಕದಿಂದ ಲಾರಿ ಬಿತ್ತಾ?" ಎಂದು ಕೇಳಿದರು. ಪದ್ಯ ಮುಗಿಯಿತು. ಎಲ್ಲರೂ ಅಜ್ಜಿಯ ಬೆನ್ನು ನೋಡುತ್ತಿದ್ದೆವು.

ಅಜ್ಜಿ ಒಂದು ಹೂ ಕಟ್ಟಿದರು. ಇನ್ನೊಂದು ಹೂ ಕಟ್ಟಿದರು. ಆಮೇಲೆ, "ಶುರು ಮಾಡು ಮಗಾ, ಎಷ್ಟು ಹೊತ್ತು ಕಾಯುದು?" ಎಂದರು.

ಗೆಳೆಯ ಜಗಲಿಗೆ ಹೋಗಿ ಕುಸಿದು ಕೂತ. ನಾನು ಮಾವನ ಮುಖ ನೋಡಿದೆ. ಸೋತವರ ಮುಖ ಹಾಗೆ ಇರುತ್ತದೆಯೇ? ಅವರು ವಯರು ಸುತ್ತುತ್ತಾ, ಒಳ್ಳೆಯ ಸುದ್ದಿ ಸಿಕ್ಕಿದವರ ಹಾಗೆ, "ಕಕ್ಕಿಂಜೆಯಲ್ಲಿ ಒಬ್ಬರ ಹತ್ರ ಹಳೇದೊಂದು ಉಂಟಂತೆ. ಬರುವ ವಾರ ಅದನ್ನು ನೋಡುವ" ಎಂದರು. ಗೆಳೆಯ ಒಬ್ಬನೇ ಬೊಂಬಾಯಿಗೆ ಹೋದ. ಮೀಸೆಯ ವಿಷಯ ಯಾರೂ ವಿಚಾರಿಸಲಿಲ್ಲ.

ಕಕ್ಕಿಂಜೆಯ ಪೆಟ್ಟಿಗೆ ಬಂತು. ಮುದಿ ಪೆಟ್ಟಿಗೆ, ಎಷ್ಟು ತಿರುಗಿಸಿದರೂ ಸ್ವರ ಏಳುತ್ತಿರಲಿಲ್ಲ, ಪಕ್ಕದ ಕೋಣೆಯಲ್ಲಿ ಯಾರೋ ಗುನುಗಿದಷ್ಟೇ. ಆ ಹೊತ್ತಿಗೆ ಈ ಪರೀಕ್ಷೆ ಮನೆಯವರಿಗೆಲ್ಲ ಸಾಕಾಗಿತ್ತು. ಅಮ್ಮ ಅತ್ತೆಯೊಂದಿಗೆ ಅಡುಗೆಮನೆಯಲ್ಲಿದ್ದಳು. ಚಾವಡಿಯಲ್ಲಿ ಮಾವ, ಅವರಿಗೆ ಬೆನ್ನು ಹಾಕಿದ ಅಜ್ಜಿ, ಅಜ್ಜಿಗೆ ಹೂ ಬಿಡಿಸಿ ಕೊಡುತ್ತಿದ್ದ ನಾನು. ಮಾವ ಯಾವ ಪೆಡಲನ್ನೂ ಮೆಟ್ಟದೆ ಯಾವುದೋ ಹಳೆಯ ಪದ್ಯ ಶುರು ಮಾಡಿದರು. ನಿಧಾನದ ಪದ್ಯ. ಅವರು ಚೆನ್ನಾಗಿ ನುಡಿಸುತ್ತಾರೆ ಎಂದು ನನಗೆ ಗೊತ್ತಾದದ್ದು ಅಂದು.

ಅಜ್ಜಿಯ ಸೀರೆಯ ಅಂಚಿನಡಿಯಲ್ಲಿ ಕಾಲಿನ ಹೆಬ್ಬೆರಳು ಆಡುತ್ತಿತ್ತು. ಪದ್ಯದ ಜೊತೆಗೆ, ಎಲ್ಲಿಯೂ ತಪ್ಪದೆ. ನೆಲ ಅದುರಿ ಗೊತ್ತಾಯಿತೇ? ಆ ಮುದಿ ಪೆಟ್ಟಿಗೆಗೆ ನೆಲ ಅದುರಿಸುವ ತ್ರಾಣ ಎಲ್ಲಿತ್ತು! ಅಥವಾ ಹೆಬ್ಬೆರಳು ಸುಮ್ಮನೆ ಆಡಿದ್ದನ್ನು ಇಷ್ಟು ವರ್ಷಗಳಲ್ಲಿ ನಾನೇ ತಾಳಕ್ಕೆ ಕೂರಿಸಿಕೊಂಡೆನೇ? ಅದೂ ಆಗಿರಬಹುದು. ಆದರೆ ಅಜ್ಜಿಯ ಮುಖ ಮಾತ್ರ ನನ್ನ ಕಡೆಗಿತ್ತು, ಅದನ್ನು ನಾನು ಕಂಡದ್ದು ಹೌದು. ಕಣ್ಣು ಮುಚ್ಚಿತ್ತು. ಹೂ ಕಟ್ಟುವ ಕೈ ನಿಂತುಹೋಗಿತ್ತು. ಮಗ ನುಡಿಸಿದ ಒಂದೊಂದು ಸ್ವರವನ್ನೂ ಆರಿಸಿ ಒಳಗೆ ಇಟ್ಟುಕೊಳ್ಳುತ್ತಿರುವ ಹಾಗಿತ್ತು.

ನಾನು ಮುಂದೆ ಬಗ್ಗಿ, ಮಾವನಿಗೆ ತಿಳಿಯದ ಹಾಗೆ, ಉಸಿರಿನಲ್ಲೇ ಕೇಳಿದೆ:

"ಅಜ್ಜೀ, ನಿಮಗೆ ಮೊದಲ ದಿನದಿಂದಲೂ ಕೇಳ್ತಾ ಇತ್ತಲ್ವಾ?"

ಹೆಬ್ಬೆರಳು ಅಲ್ಲಿಗೇ ನಿಂತಿತು.